ದೀಪ ಉರಿಯುತ್ತದೆ, ವೇಗ ಬರುವುದಿಲ್ಲ: ಈಥರ್‌ನೆಟ್ ಸ್ವಿಚ್ಚಿನ ವೇಗ ಮತ್ತು ಡ್ಯೂಪ್ಲೆಕ್ಸ್ ವೈಷಮ್ಯ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆನಿಂತ ನಮ್ಮ ಕುಟುಂಬಗಳಲ್ಲಿ ಗಣಕಯಂತ್ರವಿಲ್ಲದ ಮನೆ ಇಂದು ಅಪರೂಪ. ಹೋಟೆಲಿನ ಬಿಲ್ಲಿಂಗ್ ಯಂತ್ರ, ಲೆಕ್ಕಪರಿಶೋಧಕರ ಕಚೇರಿ, ವೈದ್ಯರ ಕ್ಲಿನಿಕ್ಕು, ಸಂಘಸಂಸ್ಥೆಗಳ ಗ್ರಂಥಾಲಯ, ಹೌಸಿಂಗ್ ಸೊಸೈಟಿಯ ಸಿಸಿಟಿವಿ ಇವೆಲ್ಲದರ ತಂತಿಗಳೂ ಎಲ್ಲೋ ಒಂದು ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಸಣ್ಣ ಪೆಟ್ಟಿಗೆಗೆ ಬಂದು ಸೇರುತ್ತವೆ. ಈ ಪೆಟ್ಟಿಗೆಯೇ ಈಥರ್‌ನೆಟ್ ಸ್ವಿಚ್. ಗೋಡೆಯ ಮೇಲೆ ದೀಪ ಹಾಕುವ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಒಂದು ಪೋರ್ಟಿನಿಂದ ಬಂದ ದತ್ತಾಂಶದ ಕಂತೆಯನ್ನು ವಿಳಾಸ ನೋಡಿ ತಕ್ಕ ಪೋರ್ಟಿಗೆ ತಲುಪಿಸುವುದು ಅದರ ಕೆಲಸ.

ಈ ವ್ಯವಸ್ಥೆಯಲ್ಲಿ ಕಾಣಿಸಿಕೊಳ್ಳುವ ಒಂದು ವಿಚಿತ್ರ ದೋಷವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ತಂತಿ ಕಡಿದರೆ ದೀಪ ಆರುತ್ತದೆ, ಯಂತ್ರ ಕೆಟ್ಟರೆ ಸಂಪರ್ಕವೇ ಇರುವುದಿಲ್ಲ. ಹಾಗಾದಾಗ ಯಾರಿಗೂ ಸಂಶಯ ಉಳಿಯದು. ಈ ದೋಷದಲ್ಲಾದರೋ ದೀಪ ಉರಿಯುತ್ತಿರುತ್ತದೆ, ಸಣ್ಣಪುಟ್ಟ ಪುಟಗಳು ತೆರೆಯುತ್ತವೆ, ಮಿಂಚಂಚೆಯೂ ಬರುತ್ತದೆ. ದೊಡ್ಡ ಕಡತವೊಂದನ್ನು ಕಳುಹಿಸಲು ಹೊರಟಾಗ ಮಾತ್ರ ಎಲ್ಲವೂ ಎತ್ತಿನಗಾಡಿಯಾಗುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಒಂದು ಸಂಸ್ಥೆ ತನ್ನ ಹಳೆಯ ಸ್ಮರಣ ಸಂಚಿಕೆಗಳನ್ನೂ ನಾಟಕ, ಯಕ್ಷಗಾನ ಪ್ರದರ್ಶನಗಳ ಛಾಯಾಚಿತ್ರಗಳನ್ನೂ ಸ್ಕ್ಯಾನ್ ಮಾಡಿಸಿ ಕಚೇರಿಯ ಗಣಕಯಂತ್ರದಲ್ಲಿ ಕೂಡಿಟ್ಟಿದೆ. ಪ್ರತಿ ರಾತ್ರಿ ಅವುಗಳ ನಕಲು ಪಕ್ಕದ ಕೋಣೆಯ ಸಂಗ್ರಹ ಯಂತ್ರಕ್ಕೆ ಹೋಗಬೇಕು. ಬೆಳಿಗ್ಗೆ ನೋಡಿದರೆ ನಕಲು ಅರ್ಧಕ್ಕೆ ನಿಂತಿರುತ್ತದೆ. ಮೊದಲು ಗಣಕಯಂತ್ರಕ್ಕೆ ವಯಸ್ಸಾಯಿತೆಂದರು, ಅನಂತರ ವೈರಸ್ ಎಂದರು, ಕೊನೆಗೆ ಹೊಸ ಸಂಗ್ರಹ ಯಂತ್ರವನ್ನೇ ಕೊಂಡರು. ಫಲವಿಲ್ಲ. ಬರಬರುತ್ತಾ ಬೆಳಿಗ್ಗೆ ನೋಡುವ ರೂಢಿಯೇ ತಪ್ಪಿತು. ಮೂಲ ಡಿಸ್ಕ್ ಕೆಟ್ಟ ದಿನ, ನಕಲು ಇದೆಯೆಂದು ನಂಬಿದ್ದ ಜಾಗದಲ್ಲಿ ಅರ್ಧವೇ ಇರುವುದು ಬೆಳಕಿಗೆ ಬರುತ್ತದೆ. ಇಷ್ಟಕ್ಕೂ ಕಾರಣವಾದದ್ದು ಒಂದು ತುದಿಯಲ್ಲಿ ಯಾರೋ ಬದಲಿಸಿಟ್ಟ ಒಂದೇ ಒಂದು ಆಯ್ಕೆಯಾಗಿರಬಹುದು. ಖರ್ಚಿಲ್ಲದೆ ಸರಿಪಡಿಸಬಹುದಾದ ದೋಷಕ್ಕೆ ಹೀಗೆ ಹಣವೂ, ಅದಕ್ಕಿಂತ ಬೆಲೆಯುಳ್ಳ ದಾಖಲೆಯೂ ತೆರಬೇಕಾಗುತ್ತದೆ.

ಒಂಟಿ ಹಳಿ, ಜೋಡಿ ಹಳಿ

ಡ್ಯೂಪ್ಲೆಕ್ಸ್ ಎಂದೊಡನೆ ಮಹಾನಗರವಾಸಿಗಳಿಗೆ ಎರಡು ಅಂತಸ್ತಿನ ಫ್ಲ್ಯಾಟ್ ನೆನಪಾಗುವುದು ಸಹಜ. ಜಾಲದ ಪರಿಭಾಷೆಯಲ್ಲಿ ಅದರ ಅರ್ಥ ಬೇರೆ. ಎರಡು ಯಂತ್ರಗಳು ಏಕಕಾಲದಲ್ಲಿ ಕಳುಹಿಸುತ್ತಲೂ ಸ್ವೀಕರಿಸುತ್ತಲೂ ಇರಬಲ್ಲವಾದರೆ ಅದು ಫುಲ್ ಡ್ಯೂಪ್ಲೆಕ್ಸ್. ಒಂದು ಕಳುಹಿಸುವಾಗ ಇನ್ನೊಂದು ಸುಮ್ಮನಿರಬೇಕಾದರೆ ಅದು ಹಾಫ್ ಡ್ಯೂಪ್ಲೆಕ್ಸ್. ದೂರವಾಣಿಯ ಸಂಭಾಷಣೆ ಮೊದಲನೆಯದಕ್ಕೆ, ಪೊಲೀಸರ ವಾಕಿಟಾಕಿ ಎರಡನೆಯದಕ್ಕೆ ಉದಾಹರಣೆ.

ಕೊಂಕಣ ರೈಲುಮಾರ್ಗದಲ್ಲಿ ಊರಿಗೆ ಹೋಗಿಬರುವವರಿಗೆ ಇದನ್ನು ಇನ್ನೂ ಸುಲಭವಾಗಿ ವಿವರಿಸಬಹುದು. ಆ ಮಾರ್ಗದ ಬಹುಭಾಗ ಒಂಟಿ ಹಳಿಯದು. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ನಮ್ಮ ಮತ್ಸ್ಯಗಂಧಾ ಯಾವುದೋ ಸಣ್ಣ ನಿಲ್ದಾಣದಲ್ಲಿ ನಿಂತು ಕಾಯುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಹಾಫ್ ಡ್ಯೂಪ್ಲೆಕ್ಸ್. ಮುಂಬಯಿಯ ಲೋಕಲ್ ಗಾಡಿಗಳಿಗೆ ಹೋಗಲೊಂದು ಹಳಿ, ಬರಲೊಂದು ಹಳಿ. ಅದು ಫುಲ್ ಡ್ಯೂಪ್ಲೆಕ್ಸ್. ಎರಡು ಪದ್ಧತಿಗಳೂ ತಮ್ಮಷ್ಟಕ್ಕೆ ಸುರಕ್ಷಿತ. ಒಂದು ತುದಿಯ ಸ್ಟೇಷನ್ ಮಾಸ್ತರರು ಇದನ್ನು ಒಂಟಿ ಹಳಿಯೆಂದೂ ಮತ್ತೊಂದು ತುದಿಯವರು ಜೋಡಿ ಹಳಿಯೆಂದೂ ತಿಳಿದು ನಡೆದರೆ ಆಗುವ ಅನಾಹುತವನ್ನು ಊಹಿಸಿದರೆ ಡ್ಯೂಪ್ಲೆಕ್ಸ್ ವೈಷಮ್ಯವೆಂದರೇನೆಂಬುದು ಅರ್ಧ ತಿಳಿದಂತೆ.

ಉಳಿದರ್ಧ ಹೀಗಿದೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಮೊದಲಾದವರು ಈಥರ್‌ನೆಟ್ಟನ್ನು ರೂಪಿಸಿದಾಗ ಎಲ್ಲ ಯಂತ್ರಗಳಿಗೂ ಒಂದೇ ಸಾಮಾನ್ಯ ತಂತಿಯಿತ್ತು. ಆದುದರಿಂದ, ಮಾತನಾಡುವ ಮುನ್ನ ಬೇರೆಯವರು ಮಾತನಾಡುತ್ತಿರುವರೇ ಎಂದು ಆಲಿಸಬೇಕು. ಇಬ್ಬರೂ ಒಮ್ಮೆಗೇ ಆರಂಭಿಸಿ ಡಿಕ್ಕಿಯಾದರೆ ಇಬ್ಬರೂ ನಿಲ್ಲಿಸಬೇಕು. ಮನಬಂದಷ್ಟು ಕ್ಷಣ ಕಾದು ಮತ್ತೆ ಯತ್ನಿಸಬೇಕೆಂಬ ಸೌಜನ್ಯದ ನಿಯಮವನ್ನು ಅಳವಡಿಸಲಾಯಿತು. ಮುಂದೆ ಜೋಡಿಜೋಡಿಯಾಗಿ ಹೆಣೆದ ತಂತಿಗಳೂ ಸ್ವಿಚ್ಚುಗಳೂ ಬಂದವು. ಪ್ರತಿ ಯಂತ್ರಕ್ಕೂ ಕಳುಹಿಸಲೊಂದು ಜೋಡಿ, ಸ್ವೀಕರಿಸಲೊಂದು ಜೋಡಿ ದೊರೆತ ಮೇಲೆ ಡಿಕ್ಕಿಯ ಪ್ರಶ್ನೆಯೇ ಇರಲಿಲ್ಲ. 1997ರಲ್ಲಿ ಫುಲ್ ಡ್ಯೂಪ್ಲೆಕ್ಸ್ ವಿಧಾನಕ್ಕೆ ಐಇಇಇ ಸಂಸ್ಥೆಯ ಅಧಿಕೃತ ಮಾನದಂಡ ದೊರೆಯಿತು. ಆದಾಗ್ಯೂ ಹಳೆಯ ಉಪಕರಣಗಳೊಡನೆ ಹೊಂದಿಕೊಳ್ಳಲೆಂದು ಹಾಫ್ ಡ್ಯೂಪ್ಲೆಕ್ಸ್ ನಿಯಮವನ್ನು ಉಳಿಸಿಕೊಳ್ಳಲಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈಗಿನ ತಂತಿಯಲ್ಲಿ ಎರಡೂ ದಿಕ್ಕಿಗೆ ದಾರಿ ಬೇರೆಬೇರೆಯೇ ಇದೆ, ನಿಜವಾದ ಡಿಕ್ಕಿ ಸಂಭವಿಸುವುದಿಲ್ಲ. ಆದರೆ ಹಾಫ್ ಡ್ಯೂಪ್ಲೆಕ್ಸಿನಲ್ಲಿರುವ ತುದಿಯು, ತಾನು ಕಳುಹಿಸುತ್ತಿರುವಾಗ ಎದುರಿನಿಂದ ಏನಾದರೂ ಬಂದರೆ ಅದನ್ನು ಡಿಕ್ಕಿಯೆಂದೇ ಭಾವಿಸುತ್ತದೆ. ಕಳುಹಿಸುತ್ತಿದ್ದುದನ್ನು ನಡುವೆಯೇ ತುಂಡರಿಸುತ್ತದೆ. ಫುಲ್ ಡ್ಯೂಪ್ಲೆಕ್ಸಿನ ತುದಿಗೆ ಈ ನಿಯಮವೇ ಇಲ್ಲ. ಅದು ನಿರಾತಂಕವಾಗಿ ಕಳುಹಿಸುತ್ತಲೇ ಇರುತ್ತದೆ. ಅದರ ಕೈಗೆ ಬರುವುದು ಮಾತ್ರ ತುಂಡಾದ, ಲೆಕ್ಕ ತಾಳೆಯಾಗದ ಕಂತೆಗಳು. ಅವನ್ನು ಅದು ಎಸೆಯುತ್ತದೆ. ಅತ್ತ ಹಾಫ್ ಡ್ಯೂಪ್ಲೆಕ್ಸಿನ ತುದಿಯಲ್ಲಿ ಡಿಕ್ಕಿಯ ಹೆಸರಿನಲ್ಲಿ ಒಳಬರುತ್ತಿದ್ದ ಕಂತೆಯೂ ಸಾಮಾನ್ಯವಾಗಿ ನಷ್ಟವಾಗುತ್ತದೆ. ಕಳುಹಿಸಿದವರಿಗೆ ಅದರ ಅರಿವೇ ಇರುವುದಿಲ್ಲ.

ಸಂಪರ್ಕ ಸರಿಯಿದೆಯೇ ಎಂದು ನೋಡಲು ತಂತ್ರಜ್ಞರು ಮೊದಲು ಬಳಸುವುದು ಪಿಂಗ್ ಎಂಬ ಪರೀಕ್ಷೆಯನ್ನು. ಸಣ್ಣದೊಂದು ಕಂತೆ ಹೋಗುತ್ತದೆ, ಉತ್ತರ ಬರುತ್ತದೆ, ಕ್ಷಣಕಾಲ ಬಿಟ್ಟು ಮತ್ತೊಂದು ಹೋಗುತ್ತದೆ. ಪ್ರಶ್ನೆ ಮುಗಿದ ಮೇಲೆಯೇ ಉತ್ತರ. ಎರಡೂ ದಿಕ್ಕಿನ ಸಂಚಾರ ಒಟ್ಟಿಗೆ ನಡೆಯುವುದೇ ಅಪರೂಪ. ಹಾಗಾಗಿ ಪಿಂಗ್ ಸೊಗಸಾಗಿ ಉತ್ತರಿಸುತ್ತದೆ, ಪರೀಕ್ಷಿಸಲು ಬಂದ ಹುಡುಗ ‘ನೆಟ್‌ವರ್ಕ್ ಸರಿಯಿದೆ ಸಾರ್’ ಎಂದು ಹೇಳಿ ಹೋಗುತ್ತಾನೆ. ದೊಡ್ಡ ಕಡತದ ವಿಷಯವೇ ಬೇರೆ. ಒಂದು ದಿಕ್ಕಿನಲ್ಲಿ ಕಂತೆಗಳು ಸಾಲಾಗಿ ಹರಿಯುತ್ತಿರುವಾಗಲೇ ಎದುರು ದಿಕ್ಕಿನಲ್ಲಿ ‘ತಲುಪಿತು, ತಲುಪಿತು’ ಎಂಬ ರಸೀದಿಗಳು ಬರುತ್ತಿರುತ್ತವೆ. ಪ್ರತಿ ರಸೀದಿಯೂ ಒಂದು ಡಿಕ್ಕಿಯಾಗಬಹುದು. ಕಂತೆಗಳು ಕಳೆದುಹೋಗುವುದನ್ನು ಕಂಡ ಟಿಸಿಪಿ ವ್ಯವಸ್ಥೆಯು ದಾರಿಯಲ್ಲಿ ಸಂದಣಿಯಿದೆಯೆಂದು ತಿಳಿದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 100 ಮೆಗಾಬಿಟ್ಟಿನ ದಾರಿ ಹೀಗೆ ಒಂದೆರಡು ಮೆಗಾಬಿಟ್ಟಿಗೆ ಇಳಿಯುವುದುಂಟು. ಒಂದು ದಿಕ್ಕಿಗೆ ಪರವಾಗಿಲ್ಲ, ಇನ್ನೊಂದು ದಿಕ್ಕಿಗೆ ತೀರಾ ನಿಧಾನ ಎಂಬ ದೂರು ಬಂದರಂತೂ ಈ ದೋಷವನ್ನು ಶಂಕಿಸಲೇಬೇಕು.

ವೈಷಮ್ಯ ಹುಟ್ಟುವ ಬಗೆ

1995ರಲ್ಲಿ 100 ಮೆಗಾಬಿಟ್ಟಿನ ಫಾಸ್ಟ್ ಈಥರ್‌ನೆಟ್ ಮಾನದಂಡದೊಡನೆ ಆಟೋ ನೆಗೋಶಿಯೇಶನ್ ಎಂಬ ಸೌಕರ್ಯವೂ ಬಂದಿತು. ತಂತಿ ಸೇರಿಸಿದೊಡನೆ ಎರಡು ತುದಿಗಳೂ ಸೂಕ್ಷ್ಮ ವಿದ್ಯುತ್ ಮಿಡಿತಗಳ ಮೂಲಕ ‘ನನಗೆ ಇಷ್ಟಿಷ್ಟು ಬರುತ್ತದೆ’ ಎಂದು ತಿಳಿಸಿಕೊಂಡು, ಇಬ್ಬರಿಗೂ ಒಗ್ಗುವ ಅತ್ಯುತ್ತಮ ವಿಧಾನವನ್ನು ಆಯ್ದುಕೊಳ್ಳುತ್ತವೆ. ಎರಡೂ ತುದಿಗಳನ್ನು ಆಟೋದಲ್ಲಿ ಬಿಟ್ಟರೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಎರಡನ್ನೂ 100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್ ಎಂದು ಸ್ಥಿರಪಡಿಸಿದರೂ ತೊಂದರೆಯಿಲ್ಲ.

ತೊಂದರೆ ಇರುವುದು ಒಂದನ್ನು ಸ್ಥಿರಪಡಿಸಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟಾಗ. ಸ್ಥಿರಪಡಿಸಿದ ತುದಿ ಮಾತುಕತೆಯ ಮಿಡಿತಗಳನ್ನು ಕಳುಹಿಸುವುದಿಲ್ಲ. ಆಟೋದ ತುದಿ ಕಾಯುತ್ತದೆ, ಉತ್ತರವಿಲ್ಲ. ಎದುರಿನ ಸಂಕೇತದ ಸ್ವರೂಪವನ್ನು ನೋಡಿ ಅದು 10 ಮೆಗಾಬಿಟ್ಟೋ 100 ಮೆಗಾಬಿಟ್ಟೋ ಎಂಬುದನ್ನು ತಾನಾಗಿ ಅರಿಯಬಲ್ಲದು. ಆದರೆ ಡ್ಯೂಪ್ಲೆಕ್ಸ್ ಯಾವುದೆಂಬುದು ಸಂಕೇತದಲ್ಲಿ ಕಾಣುವುದಿಲ್ಲ. ಅಂತಹ ಸಂದರ್ಭದಲ್ಲಿ ಹಾಫ್ ಎಂದೇ ಭಾವಿಸಬೇಕೆಂದು ಮಾನದಂಡ ವಿಧಿಸುತ್ತದೆ. ಹೀಗಾಗಿ ವೇಗ ಎರಡೂ ಕಡೆ 100 ಎಂದು ತಾಳೆಯಾಗುತ್ತದೆ, ದೀಪವೂ ಉರಿಯುತ್ತದೆ, ಡ್ಯೂಪ್ಲೆಕ್ಸ್ ಮಾತ್ರ ಒಂದೆಡೆ ಫುಲ್, ಇನ್ನೊಂದೆಡೆ ಹಾಫ್. ಯಂತ್ರ ಕೆಟ್ಟುದಲ್ಲ. ಎರಡೂ ತಮ್ಮ ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ.

ವೇಗದ ವೈಷಮ್ಯ ಇಷ್ಟು ಕಪಟಿಯಲ್ಲ. ಒಂದು ತುದಿಯನ್ನು 10ಕ್ಕೂ ಇನ್ನೊಂದನ್ನು 100ಕ್ಕೂ ಸ್ಥಿರಪಡಿಸಿದರೆ ಸಂಪರ್ಕವೇ ಏರ್ಪಡದು, ಕೂಡಲೇ ಗೊತ್ತಾಗುತ್ತದೆ.

ಹಾಗಾದರೆ ಜನರು ಒಂದು ತುದಿಯನ್ನೇಕೆ ಸ್ಥಿರಪಡಿಸುತ್ತಾರೆ? 1990ರ ದಶಕದ ಉತ್ತರಾರ್ಧದಲ್ಲಿ ವಿವಿಧ ತಯಾರಕರ ಉಪಕರಣಗಳ ಮಾತುಕತೆ ಹಲವೊಮ್ಮೆ ಮುರಿದುಬೀಳುತ್ತಿತ್ತು. ಆಗ ‘ಆಟೋವನ್ನು ನಂಬಬೇಡ, ಕೈಯಾರೆ ಫುಲ್ ಎಂದಿಡು’ ಎಂಬ ಉಪದೇಶ ಅನುಭವಿ ತಂತ್ರಜ್ಞರಿಂದ ಕಿರಿಯರಿಗೆ ಹರಿಯಿತು. ಅಂದಿಗೆ ಅದು ಯುಕ್ತವಾಗಿಯೇ ಇತ್ತು. ಉಪಕರಣಗಳು ಸುಧಾರಿಸಿದರೂ ಉಪದೇಶ ಉಳಿದುಕೊಂಡಿದೆ. ಇಂದು ಈ ವೈಷಮ್ಯ ಕಂಡುಬರುವ ಕಡೆಗಳಲ್ಲಿ ಬಹುಪಾಲು ಈ ಹಳೆಯ ಸದುದ್ದೇಶದ ಫಲವೆಂಬುದು ಈ ಲೇಖಕನ ಅಭಿಪ್ರಾಯ.

ಮನೆ ಮತ್ತು ಸಣ್ಣ ಕಚೇರಿಗಳಲ್ಲಿ ಬಳಸುವ ಐದು ಅಥವಾ ಎಂಟು ಪೋರ್ಟಿನ ಅಗ್ಗದ ಸ್ವಿಚ್ಚುಗಳಲ್ಲಿ ಯಾವ ಆಯ್ಕೆಯನ್ನೂ ಬದಲಿಸಲು ಬರುವುದಿಲ್ಲ. ಅವು ಸದಾ ಆಟೋ. ಅಂತಹ ಸ್ವಿಚ್ಚಿಗೆ ಸೇರಿಸಿದ ಗಣಕಯಂತ್ರವನ್ನು ವೇಗ ಹೆಚ್ಚಲೆಂದು 100 ಫುಲ್ ಎಂದು ಸ್ಥಿರಪಡಿಸಿದರೆ ವೈಷಮ್ಯವನ್ನು ಕೈಯಾರೆ ಆಹ್ವಾನಿಸಿದಂತೆಯೇ. ಕೆಲವು ಚಾಲಕ ತಂತ್ರಾಂಶಗಳು ಸ್ಥಿರಪಡಿಸಿದಾಗಲೂ ಮಾತುಕತೆಯನ್ನು ಬಿಡದೆ ಆ ಒಂದೇ ವಿಧಾನವನ್ನು ಘೋಷಿಸುವುದುಂಟು. ಅಂತಹ ಕಡೆ ತೊಂದರೆ ತಲೆದೋರದು. ಆದರೆ ಯಾವ ತಂತ್ರಾಂಶ ಹೇಗೆ ವರ್ತಿಸುತ್ತದೆಂದು ಹೊರಗಿನಿಂದ ಹೇಳಲಾಗದು. ಕಚೇರಿಗಳಲ್ಲಿ ಇನ್ನೊಂದು ಸಂದರ್ಭವಿದೆ. ಲೀಸ್ಡ್ ಲೈನ್ ಕೊಡುವವರು ತಮ್ಮ ಪೆಟ್ಟಿಗೆಯನ್ನು 100 ಫುಲ್ ಎಂದು ಸ್ಥಿರಪಡಿಸಿ ಹೋಗಿರುತ್ತಾರೆ. ಗ್ರಾಹಕರ ರೂಟರ್ ಆಟೋದಲ್ಲಿರುತ್ತದೆ. ಗಾಜಿನೆಳೆಯ ತಂತಿಯನ್ನು ತಾಮ್ರಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರುಗಳಲ್ಲಿಯೂ ಇದೇ ಕಥೆ.

ಪತ್ತೆ ಹಚ್ಚುವುದು

ಮೊದಲು ಅಳತೆಯ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್ಟಿಗೆ ಒಂದು ಬೈಟ್. 100 ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 12 ಮೆಗಾಬೈಟ್ ಸಾಗುತ್ತದೆ. 700 ಮೆಗಾಬೈಟಿನ ಕಡತಕ್ಕೆ ಒಂದು ನಿಮಿಷ ಸಾಕು. ಅದಕ್ಕೆ ಅರ್ಧ ಗಂಟೆ ಹಿಡಿದರೆ ವಿಚಾರಿಸಬೇಕಾದ ಸಂಗತಿ. ಪರೀಕ್ಷೆಯನ್ನು ತಂತಿಯ ಮೇಲೆಯೇ ಮಾಡಬೇಕು. ವೈಫೈ ನಿಧಾನವಾಗುವುದಕ್ಕೆ ಕಾರಣಗಳೇ ಬೇರೆ.

ಮುಂದಿನ ಹೆಜ್ಜೆ ಎರಡೂ ತುದಿಗಳನ್ನು ನೋಡುವುದು. ‘ಎರಡೂ’ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಒಂದೇ ತುದಿಯನ್ನು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವಿಂಡೋಸ್ ಗಣಕಯಂತ್ರದ ಸಂಪರ್ಕ ವಿವರದ ಕಿಟಕಿ ವೇಗವನ್ನು ತೋರಿಸುತ್ತದೆಯೇ ಹೊರತು ಡ್ಯೂಪ್ಲೆಕ್ಸನ್ನು ತೋರಿಸುವುದಿಲ್ಲ. ಅದಕ್ಕಾಗಿ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ತೆರೆದು, ಅಡ್ವಾನ್ಸ್‌ಡ್ ಎಂಬ ಪುಟದಲ್ಲಿ ಸ್ಪೀಡ್ ಆ್ಯಂಡ್ ಡ್ಯೂಪ್ಲೆಕ್ಸ್ ಎಂಬ ಸಾಲಿಗೆ ಹೋಗಬೇಕು. ಅಲ್ಲಿ ಆಟೋ ನೆಗೋಶಿಯೇಶನ್ ಎಂದಿರುವುದೇ ವಾಡಿಕೆ. ಬೇರೇನಾದರೂ ಇದ್ದರೆ ಯಾರೋ ಬದಲಿಸಿದ್ದಾರೆಂದೇ ಅರ್ಥ. ಲಿನಕ್ಸ್ ಬಳಸುವವರಿಗೆ ಇತ್‌ಟೂಲ್ ಎಂಬ ಆದೇಶ ವೇಗ, ಡ್ಯೂಪ್ಲೆಕ್ಸ್, ಆಟೋ ಮೂರನ್ನೂ ಒಟ್ಟಿಗೆ ತಿಳಿಸುತ್ತದೆ.

ಕಚೇರಿಗಳ ದೊಡ್ಡ ಸ್ವಿಚ್ಚುಗಳು ಪ್ರತಿ ಪೋರ್ಟಿನ ದೋಷಗಳ ಎಣಿಕೆಯನ್ನು ಇಟ್ಟಿರುತ್ತವೆ. ಈ ಎಣಿಕೆಯೇ ನಿಜವಾದ ಸಾಕ್ಷಿ. ಹಾಫ್ ಡ್ಯೂಪ್ಲೆಕ್ಸಿನ ತುದಿಯಲ್ಲಿ ಲೇಟ್ ಕೊಲಿಜನ್, ಅಂದರೆ ತಡವಾದ ಡಿಕ್ಕಿಗಳು ಏರುತ್ತಿರುತ್ತವೆ. ಫುಲ್ ಡ್ಯೂಪ್ಲೆಕ್ಸಿನ ತುದಿಯಲ್ಲಿ ಸಿಆರ್‌ಸಿ ದೋಷಗಳೂ, ರಂಟ್ ಎಂದು ಕರೆಯುವ ಗಿಡ್ಡ ಕಂತೆಗಳೂ ಏರುತ್ತಿರುತ್ತವೆ. ತಡವಾದ ಡಿಕ್ಕಿಯೇ ಏಕೆ? ನಿಯಮಬದ್ಧ ಜಾಲದಲ್ಲಿ ಡಿಕ್ಕಿಯಾಗುವುದಿದ್ದರೆ ಕಂತೆಯ ಮೊದಲ 64 ಬೈಟ್ ಹೋಗುವುದರೊಳಗೆ ಆಗಬೇಕು. ಆಮೇಲೆ ದಾರಿ ತನ್ನದೆಂದು ಎಲ್ಲರಿಗೂ ತಿಳಿದಿರುತ್ತದೆ. ದೊಡ್ಡ ಕಂತೆಯ ಉದ್ದ 1518 ಬೈಟ್. ಆಲಿಸುವ ನಿಯಮವನ್ನೇ ಅರಿಯದ ಎದುರು ತುದಿ ಈ 1518ರಲ್ಲಿ ಎಲ್ಲಿ ಬೇಕಾದರೂ ನುಗ್ಗಬಹುದು, ಬಹಳ ಸಲ 64ರ ಗಡಿ ದಾಟಿದ ಮೇಲೆಯೇ ನುಗ್ಗುತ್ತದೆ. ಹೀಗಾಗಿ ಲೇಟ್ ಕೊಲಿಜನ್ ಎಂಬ ಎಣಿಕೆ ಸೊನ್ನೆಯಲ್ಲದಿದ್ದರೆ ವಿಚಾರಣೆ ಅಗತ್ಯ. ಹಳೆಯ ಎಣಿಕೆಯನ್ನು ಅಳಿಸಿ, ದೊಡ್ಡದೊಂದು ಕಡತವನ್ನು ಕಳುಹಿಸಿ, ಮತ್ತೆ ನೋಡಬೇಕು. ವರ್ಷಗಳ ಹಿಂದಿನ ದೋಷದ ಲೆಕ್ಕವನ್ನು ಇಂದಿನದೆಂದು ತಿಳಿದು ಕಂಗಾಲಾಗುವುದು ಬೇಡ.

ಎರಡೂ ತುದಿಗಳಲ್ಲಿ ಸಿಆರ್‌ಸಿ ದೋಷಗಳಿದ್ದು ಡಿಕ್ಕಿಗಳೇ ಇಲ್ಲದಿದ್ದರೆ ಅದು ಡ್ಯೂಪ್ಲೆಕ್ಸಿನ ತಪ್ಪಲ್ಲ. ತಂತಿ, ಪ್ಲಗ್ ಅಥವಾ ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ವೈರನ್ನು ನೋಡಬೇಕು.

ಪರಿಹಾರ ಸರಳ. ಎರಡೂ ತುದಿಗಳನ್ನು ಆಟೋಗೆ ತರುವುದು. ಬದಲಿಸುವ ಮುನ್ನ ಈಗಿರುವ ಆಯ್ಕೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ದೂರದಲ್ಲಿ ಕುಳಿತು ಅದೇ ತಂತಿಯ ಮೂಲಕ ಪೋರ್ಟನ್ನು ಬದಲಿಸುವವರು, ಸಂಪರ್ಕ ಕಡಿದರೆ ಆ ಕಡೆ ಎದ್ದು ಹೋಗಿ ನೋಡುವವರೊಬ್ಬರಿರುವಂತೆ ನೋಡಿಕೊಳ್ಳಬೇಕು. ಒಂದು ತುದಿಯ ಹಳೆಯ ಯಂತ್ರಕ್ಕೆ ಆಟೋ ಬಾರದಿದ್ದರೆ ಮಾತ್ರ ಎರಡೂ ಕಡೆ ಒಂದೇ ತೆರನಾಗಿ ಸ್ಥಿರಪಡಿಸಬೇಕು. ಹಾಗೆ ಮಾಡಿದಾಗ ಸಂಪರ್ಕವೇ ಹೋಯಿತೆಂದರೆ ಗಾಬರಿಯಾಗಬೇಕಿಲ್ಲ: ಆಟೋ ನಿಂತೊಡನೆ ಕೆಲವು ಉಪಕರಣಗಳು ನೇರ ತಂತಿ, ಅಡ್ಡ ತಂತಿಗಳ ವ್ಯತ್ಯಾಸವನ್ನು ತಾವೇ ಸರಿಪಡಿಸಿಕೊಳ್ಳುವುದನ್ನೂ ನಿಲ್ಲಿಸುತ್ತವೆ. ಆಗ ಕ್ರಾಸ್ ಕೇಬಲ್ ಬೇಕಾದೀತು.

ಗಿಗಾಬಿಟ್ಟಿನ ಕಾಲದ ತಂತಿ

1999ರಲ್ಲಿ ತಾಮ್ರದ ತಂತಿಯ ಮೇಲೆ 1000 ಮೆಗಾಬಿಟ್ ಕಳುಹಿಸುವ ಮಾನದಂಡ ಬಂದಾಗ ಆಟೋ ನೆಗೋಶಿಯೇಶನ್ ಕಡ್ಡಾಯವಾಯಿತು. ಎರಡು ತುದಿಗಳಲ್ಲಿ ಯಾರ ಗಡಿಯಾರವನ್ನು ಅನುಸರಿಸಬೇಕೆಂಬುದನ್ನು ಕೂಡ ಆ ಮಾತುಕತೆಯೇ ನಿರ್ಧರಿಸುತ್ತದೆ. ಗಿಗಾಬಿಟ್ಟಿನ ಹಾಫ್ ಡ್ಯೂಪ್ಲೆಕ್ಸ್ ಕಾಗದದಲ್ಲಿದೆ, ಬಳಕೆಯಲ್ಲಿಲ್ಲ. ಎರಡೂ ತುದಿ ಗಿಗಾಬಿಟ್ ಆಗಿದ್ದು ಆಟೋದಲ್ಲಿದ್ದರೆ ಮೇಲೆ ಹೇಳಿದ ವೈಷಮ್ಯದ ಭಯ ಬಹುಮಟ್ಟಿಗೆ ಇಲ್ಲ. ಸಿಸಿಟಿವಿ ಕ್ಯಾಮೆರಾ, ಮುದ್ರಕ, ಹಾಜರಾತಿ ಯಂತ್ರಗಳಂತಹ 100 ಮೆಗಾಬಿಟ್ಟಿನ ಉಪಕರಣಗಳು ಇರುವವರೆಗೆ ಅದು ಪೂರ್ತಿ ಮರೆಯಾಗದು.

ಗಿಗಾಬಿಟ್ ತಂದ ಹೊಸ ತೊಡಕು ತಂತಿಯದು. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು. ಹಳೆಯ ಕಟ್ಟಡಗಳಲ್ಲಿ ಒಂದೇ ಕೇಬಲಿನ ಎರಡು ಜೋಡಿಯನ್ನು ಗಣಕಯಂತ್ರಕ್ಕೂ ಉಳಿದುದನ್ನು ದೂರವಾಣಿಗೋ ಎರಡನೆಯ ಗಣಕಯಂತ್ರಕ್ಕೋ ಕೊಟ್ಟಿರುವುದುಂಟು. ಬಾಗಿಲ ಸಂದಿಯಲ್ಲಿ ಜಜ್ಜಿದ ಕೇಬಲಿನಲ್ಲಿ ಒಂದು ಎಳೆ ಕಡಿದಿರುವುದೂ ಉಂಟು. ಅಂತಹ ಕಡೆ ಸಂಪರ್ಕ 1000ಕ್ಕೆ ಯತ್ನಿಸಿ ಸೋಲಬಹುದು, ಅಥವಾ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. 300 ಮೆಗಾಬಿಟ್ಟಿನ ಯೋಜನೆಗೆ ಹಣ ಕಟ್ಟಿದ ಮನೆಯಲ್ಲಿ ತಂತಿಯ ಮೂಲಕ ಅಳೆದಾಗ ಪ್ರತಿ ಸಲವೂ 94ರ ಆಸುಪಾಸಿನಲ್ಲೇ ನಿಂತರೆ ಸೇವೆ ಕೊಡುವವರೊಡನೆ ಜಗಳಕ್ಕಿಳಿಯುವ ಮುನ್ನ ಪೋರ್ಟನ್ನು ನೋಡಬೇಕು. 100 ಮೆಗಾಬಿಟ್ಟಿನ ಸಂಪರ್ಕದಲ್ಲಿ ವಿಳಾಸ ಮುಂತಾದ ಹೊರೆ ಕಳೆದು ಉಳಿಯುವುದೇ ಅಷ್ಟು. ಆ ಅಂಕಿ ದೋಷಿಯ ಹೆಸರನ್ನೇ ಹೇಳಿದಂತೆ: ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100ರಲ್ಲಿದೆ. ಅದು ರೂಟರಿನ ಪೋರ್ಟಾಗಿರಬಹುದು; ಅಗ್ಗದ ರೂಟರುಗಳ ಪೋರ್ಟುಗಳು 100ಕ್ಕೇ ಸೀಮಿತ. ಇಲ್ಲವೇ ಹಳೆಯ ಸ್ವಿಚ್ಚಿರಬಹುದು, ಕೇಬಲಿರಬಹುದು. ಒಂದು ಒಳ್ಳೆಯ ಗಿಡ್ಡ ಪ್ಯಾಚ್ ಕಾರ್ಡಿನಿಂದ ನೇರವಾಗಿ ಸೇರಿಸಿ ಒಂದೊಂದನ್ನೇ ಪ್ರತ್ಯೇಕಿಸಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಇನ್ನು, ಗಣಕಯಂತ್ರವನ್ನು ಆರಿಸಿದ ಮೇಲೆಯೂ ಸ್ವಿಚ್ಚಿನ ದೀಪ ಕಡಿಮೆ ವೇಗವನ್ನು ತೋರುತ್ತಾ ಉರಿಯುವುದನ್ನು ಕಂಡು ದೋಷವೆಂದು ತಿಳಿಯಬೇಕಿಲ್ಲ. ಜಾಲದ ಕರೆಗೆ ಎಚ್ಚರಗೊಳ್ಳಲೆಂದು ಯಂತ್ರ ಬೇಕೆಂದೇ ಹಾಗಿರುತ್ತದೆ.

ಕೇಬಲ್ ಹೊಸದಾಗಿ ಹಾಕಿಸುವವರು ನಾಲ್ಕೂ ಜೋಡಿಗಳನ್ನು ಎರಡೂ ತುದಿಗಳಲ್ಲಿ ಒಂದೇ ಬಣ್ಣದ ಕ್ರಮದಲ್ಲಿ ಕೂರಿಸುವಂತೆ, ಉದ್ದ 100 ಮೀಟರ್ ಮೀರದಂತೆ ಎದುರಿಗೆ ನಿಂತು ನೋಡಬೇಕು. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಕೇಬಲನ್ನು ತಾಮ್ರದ್ದೆಂದು ಕೊಡುವುದು ಮಾರುಕಟ್ಟೆಯಲ್ಲಿ ಸಾಮಾನ್ಯ. ತುದಿಯನ್ನು ಕೆರೆದು ನೋಡಿದರೆ ಒಳಗಿನ ಬಿಳುಪು ಕಾಣುತ್ತದೆ. ಲೀಸ್ಡ್ ಲೈನ್ ಪಡೆಯುವ ಸಂಸ್ಥೆಗಳು ಒಪ್ಪಿಸಿಕೊಳ್ಳುವ ದಿನವೇ ‘ನಿಮ್ಮ ಪೋರ್ಟು ಆಟೋದಲ್ಲಿದೆಯೇ, ಸ್ಥಿರವೇ, ಸ್ಥಿರವಾದರೆ ಎಷ್ಟು ವೇಗ, ಯಾವ ಡ್ಯೂಪ್ಲೆಕ್ಸ್’ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆದು, ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಟಿಸಿಡಲಿ. ಮುಂದೆ ರೂಟರ್ ಬದಲಿಸುವವರು ಯಾರೇ ಆದರೂ ಅವರ ಕಣ್ಣಿಗೆ ಮೊದಲು ಅದೇ ಬೀಳಬೇಕು.